ದಮ್ಮಿನವರಿಗೆ ತಾನೇ ಫೋನ್ ಮಾಡುವ ಮೆಷಿನ್: ನಾವು ಹೇಗೆ ಹೊಂದಿಸಿಕೊಂಡೆವು

ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಸಣ್ಣ ಕ್ಲಿನಿಕ್‌ನಲ್ಲಿ ನಾನು ನರ್ಸ್. ಮಳೆಗಾಲ ಶುರುವಾದರೆ ನಮ್ಮ ಬೆಂಚಿನ ತುಂಬ ಉಬ್ಬಸದವರೇ. ದಿನಾ ಎಳೆಯಲು ಪಂಪ್, ಅಂದರೆ ಇನ್‌ಹೇಲರ್, ಕೊಟ್ಟಿರುತ್ತೇವೆ. ಎರಡು ವಾರ ಎಳೆಯುತ್ತಾರೆ, ಉಸಿರು ಹಗುರಾಗುತ್ತದೆ, ಪಂಪ್ ಹೋಗಿ ಕಪಾಟಿನ ಮೇಲೆ ಕೂರುತ್ತದೆ. ಆಮೇಲೆ ಯಾವುದೋ ರಾತ್ರಿ ಜೀಪು ಮಾಡಿಕೊಂಡು ಓಡಿ ಬರುತ್ತಾರೆ.

ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳೋಣ ಅಂದರೆ ಕ್ಲಿನಿಕ್‌ನಲ್ಲಿ ಇರುವುದೇ ಇಬ್ಬರು. ಹಾಗಾಗಿ ರೆಕಾರ್ಡ್ ಮಾಡಿದ ಧ್ವನಿಯಲ್ಲಿ ತಾನೇ ಕರೆ ಮಾಡಿ, ಅವರು ಒತ್ತಿದ ನಂಬರನ್ನು ಬರೆದಿಟ್ಟುಕೊಳ್ಳುವ ವ್ಯವಸ್ಥೆ ಹಾಕಿಸಿದೆವು. ನಿಮ್ಮ ಕ್ಲಿನಿಕ್‌ಗೋ ಎಸ್ಟೇಟ್ ಆಸ್ಪತ್ರೆಗೋ ಹಾಕಿಸುವುದಿದ್ದರೆ ನಾವು ಮಾಡಿದ ತಪ್ಪುಗಳಿಂದಲೇ ಶುರು ಮಾಡುತ್ತೇನೆ.

ಸಿಸ್ಟಮ್ ಕೊಟ್ಟವರು ರೆಡಿಮೇಡ್ ಧ್ವನಿಯನ್ನೂ ಕೊಟ್ಟಿದ್ದರು. ಟಿವಿ ವಾರ್ತೆಯ ಥರ. "ಆತ್ಮೀಯ ಗ್ರಾಹಕರೇ" ಅಂತ ಶುರು. ಲೋನ್ ಕೊಡುವವರು ಅಂದುಕೊಂಡು ಅರ್ಧಕ್ಕಿಂತ ಜಾಸ್ತಿ ಜನ ಅಲ್ಲೇ ಕಟ್ ಮಾಡಿದರು. ಅದನ್ನು ತೆಗೆಸಿ ನಾನೇ ಓದಿದೆ: "ನಮಸ್ಕಾರ, ಕ್ಲಿನಿಕ್ ಸಿಸ್ಟರ್ ಮಾತಾಡ್ತಿದ್ದೇನೆ. ಇದು ರೆಕಾರ್ಡ್ ಮಾಡಿದ ಕರೆ. ಎರಡು ನಿಮಿಷ ಸಾಕು." ರೆಕಾರ್ಡ್ ಅಂತ ಹೇಳುವುದನ್ನು ಬಿಡಬೇಡಿ. ಮೊದಲ ಸಲ ನಾನು ಬಿಟ್ಟಿದ್ದೆ. ಒಬ್ಬರು ಅಜ್ಜಿ "ಊಟ ಆಯ್ತಾ ಸಿಸ್ಟರೇ" ಅಂತ ಕೇಳಿ, ಉತ್ತರ ಬರಲಿ ಅಂತ ಕಾದು ಕೂತಿದ್ದರಂತೆ.

ರೆಕಾರ್ಡಿಂಗ್‌ಗೆ ಸ್ಟುಡಿಯೋ ಬೇಡ. ಮಂಚದ ಮೇಲೆ ಕೂತು ತಲೆ ಮೇಲೆ ಕಂಬಳಿ ಹೊದ್ದು ಮೊಬೈಲಿನಲ್ಲಿ ಓದಿ. ಸೆಕೆ ಆಗುತ್ತದೆ, ಆದರೆ ಧ್ವನಿ ಗುಂಯ್ ಅನ್ನುವುದಿಲ್ಲ.

ಇನ್ನೊಂದು ಕೆಲಸ ರೋಗಿ ನಿಮ್ಮ ಎದುರು ಕೂತಿರುವಾಗಲೇ ಆಗಬೇಕು. ಹೀಗೆ ಕರೆ ಬರುತ್ತದೆ, ಆಗಬಹುದಾ ಅಂತ ಕೇಳಿ. ಒಪ್ಪಿದರೆ ಅವರ ಫೋನ್ ತೆಗೆದುಕೊಂಡು ಕರೆ ಬರುವ ನಂಬರನ್ನು ಕ್ಲಿನಿಕ್ ಹೆಸರಿನಲ್ಲಿ ಸೇವ್ ಮಾಡಿಕೊಡಿ. ಫೋನ್ ಯಾರದು ಅನ್ನುವುದನ್ನೂ ಕೇಳಿ ಬರೆದುಕೊಳ್ಳಿ. ಎಸ್ಟೇಟ್ ಕೆಲಸದವರ ಲೈನ್ ಮನೆಗಳಲ್ಲಿ ಒಂದೇ ಫೋನ್ ನಾಲ್ಕು ಜನರದ್ದಾಗಿರುತ್ತದೆ. ಕೆಲವರು ಮೇಸ್ತ್ರಿಯ ನಂಬರ್ ಕೊಡುತ್ತಾರೆ. ಅದಕ್ಕೇ ನಮ್ಮ ಕರೆಯಲ್ಲಿ ರೋಗದ ಹೆಸರು ಮೊದಲೇ ಬರುವುದಿಲ್ಲ. ಹೆಸರು ಹೇಳಿ "ಇವರೇ ಮಾತಾಡ್ತಿರೋದಾದ್ರೆ 1 ಒತ್ತಿ" ಅಂತ ಕೇಳಿದ ಮೇಲೆಯೇ ಮುಂದಿನ ಮಾತು. ದಮ್ಮಿದೆ ಅಂತ ಗೊತ್ತಾದರೆ ಕೆಲಸ ಹೋದೀತು ಅನ್ನುವ ಭಯ ಹಲವರಿಗಿದೆ.

1 ಒತ್ತಿದ ಕೂಡಲೇ ಬರಬೇಕಾದ ಮಾತು ಇದು: "ಈಗ ಉಸಿರು ಕಟ್ಟುತ್ತಿದ್ದರೆ ಈ ಕರೆ ಬಿಟ್ಟು 108ಕ್ಕೆ ಫೋನ್ ಮಾಡಿ." ಕೊನೆಯಲ್ಲಿ ಇಟ್ಟರೆ ಅಷ್ಟು ಹೊತ್ತು ಯಾರು ಕೇಳುತ್ತಾರೆ?

ಆಮೇಲೆ ಪ್ರಶ್ನೆಗಳು. ಆಸ್ತಮಾ ಹಿಡಿತದಲ್ಲಿದೆಯಾ ಅಂತ ನೋಡಲು ಡಾಕ್ಟರುಗಳು ಎಲ್ಲ ಕಡೆ ಕೇಳುವ ನಾಲ್ಕು ಪ್ರಶ್ನೆಗಳಿವೆ. ಕಳೆದ ನಾಲ್ಕು ವಾರಗಳಲ್ಲಿ, ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಹಗಲಲ್ಲಿ ಉಬ್ಬಸ ಬಂತಾ? ಅದರಿಂದ ರಾತ್ರಿ ಎಚ್ಚರ ಆಯ್ತಾ? ತಕ್ಷಣಕ್ಕೆ ಎಳೆಯುವ ಪಂಪ್ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಕಾಯ್ತಾ? ದಮ್ಮಿನಿಂದ ಕೆಲಸಕ್ಕೆ ತೊಂದರೆ ಆಯ್ತಾ? ಕೊನೆಯದನ್ನು ನಾವು "ಏರು ಹತ್ತುವಾಗ, ಕಣದಲ್ಲಿ ಕಾಫಿ ಹರಡುವಾಗ ನಿಂತು ನಿಂತು ಮಾಡಬೇಕಾಯ್ತಾ" ಅಂತ ಬದಲಾಯಿಸಿದೆವು. ಹೌದಾದರೆ 1, ಇಲ್ಲವಾದರೆ 2. ಒಂದೂ ಹೌದು ಇಲ್ಲದಿದ್ದರೆ ಹಿಡಿತ ಚೆನ್ನಾಗಿದೆ. ಒಂದೋ ಎರಡೋ ಇದ್ದರೆ ಅರ್ಧಂಬರ್ಧ. ಮೂರು, ನಾಲ್ಕು ಬಂದರೆ ಹಿಡಿತ ತಪ್ಪಿದೆ. ಅವರಿಗೆ ನಾವು ಅದೇ ದಿನ ಫೋನ್ ಮಾಡುತ್ತೇವೆ. ದಿನಾ ಎಳೆಯಲೂ ತಕ್ಷಣಕ್ಕೆ ಎಳೆಯಲೂ ಒಂದೇ ಪಂಪ್ ಬಳಸುವವರಿಗೆ ಮೂರನೇ ಪ್ರಶ್ನೆ ಹೊಂದುವುದಿಲ್ಲ. ಅವರದ್ದು ಬೇರೆ ಪಟ್ಟಿ ಮಾಡಿಡಿ.

ಐದನೆಯದು ನಮ್ಮದೇ ಪ್ರಶ್ನೆ. ದಿನದ ಪಂಪ್ ಎಳೆಯುತ್ತಿದ್ದೀರಾ? ದಿನಾ ಆದರೆ 1, ನೆನಪಾದಾಗ ಆದರೆ 2, ಬಿಟ್ಟಿದ್ದರೆ 3. ಬೈಯುವ ದನಿಯಲ್ಲಿ ಓದಿದರೆ ಎಲ್ಲರೂ 1 ಒತ್ತುತ್ತಾರೆ! ಪಂಪಿನ ಬಣ್ಣ ಹೇಳುವುದೂ ಕಷ್ಟ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ನಾವು ದಿನದ ಪಂಪಿಗೆ ಬಿಳಿ ಪ್ಲಾಸ್ಟರ್ ಒಂದು ಸುತ್ತು ಅಂಟಿಸಿ ಕಳಿಸುತ್ತೇವೆ. ಕರೆಯಲ್ಲಿ "ಪ್ಲಾಸ್ಟರ್ ಇರೋ ಪಂಪ್" ಅಂದರೆ ಮುಗಿಯಿತು.

ಮೆಷಿನ್‌ಗೆ ಲೆಕ್ಕವನ್ನೂ ಕೊಡಬಹುದು. ನಾವು ಕೊಡುವ ಡಬ್ಬಿಯಲ್ಲಿ 200 ಸಲದ ಔಷಧ ಇರುತ್ತದೆ. ಬೆಳಿಗ್ಗೆ ಎರಡು, ಸಂಜೆ ಎರಡು ಅಂದರೆ 50 ದಿನ. 43ನೇ ದಿನ "ಹೊಸದು ತಗೊಳ್ಳಿ" ಅಂತ ಒಂದು ಸಣ್ಣ ಕರೆ ಹೋಗುತ್ತದೆ. ಅಲುಗಾಡಿಸಿ ನೋಡಿದರೆ ಗೊತ್ತಾಗುತ್ತದೆ ಅಂತ ಜನ ನಂಬಿದ್ದಾರೆ. ಆದರೆ ಔಷಧ ಮುಗಿದ ಮೇಲೂ ಒಳಗಿನ ಗ್ಯಾಸ್ ಬುಸ್ ಅನ್ನುತ್ತಲೇ ಇರುತ್ತದೆ.

ಕರೆ ಯಾವಾಗ ಹೋಗಬೇಕು ಅನ್ನುವುದು ಊರಿನ ಮೇಲೆ ನಿಂತಿದೆ. ಕಾಫಿ ಕುಯ್ಲಿನ ಕಾಲದಲ್ಲಿ ಹಗಲು ಮಾಡಿದರೆ ಸುಮ್ನೆ ದುಡ್ಡು ದಂಡ. ನಾವು ಸಂಜೆ ಆರೂವರೆಯಿಂದ ಎಂಟರ ಒಳಗೆ ಮಾಡುತ್ತೇವೆ. ಸಂತೆ ದಿನ ಪೇಟೆಗೆ ಬಂದವರಿಗೆ ಸಿಗ್ನಲ್ ಚೆನ್ನಾಗಿರುತ್ತದೆ, ಆದರೆ ಗದ್ದಲದಲ್ಲಿ ಏನೂ ಕೇಳಿಸುವುದಿಲ್ಲ. ಎತ್ತದಿದ್ದರೆ ಬೇರೆ ಬೇರೆ ದಿನ ಇನ್ನೆರಡು ಸಲ, ಅಷ್ಟೇ. ಪುತ್ತರಿ ಹಬ್ಬದ ದಿನ ಬೇಡವೇ ಬೇಡ. ಮಳೆಗಾಲದ ಕರೆಗಳ ಸುತ್ತನ್ನು ಮೇ ಕೊನೆಯೊಳಗೆ ಮುಗಿಸಿ. ಜೂನ್, ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರೂ ಇಲ್ಲ, ಚಾರ್ಜೂ ಇಲ್ಲ. ಗೋಡೆಗೆ ಬೂಷ್ಟು ಹಿಡಿದು ದಮ್ಮು ಏಳುವುದೂ ಆಗಲೇ.

ಕನ್ನಡ, ಮಲಯಾಳ ಎರಡರಲ್ಲೂ ರೆಕಾರ್ಡ್ ಮಾಡಿಡಿ. ಅಸ್ಸಾಂನಿಂದ ಬಂದ ಕೆಲಸದವರಿಗೆ ನಮ್ಮ ಕರೆ ನಡೆಯಲಿಲ್ಲ. ಅವರನ್ನು ಈಗಲೂ ಲೈನ್ ಮನೆಗೇ ಹೋಗಿ ನೋಡುತ್ತೇವೆ.

ಇಷ್ಟಾದರೆ ಉಬ್ಬಸ ಕಡಿಮೆ ಆಗುತ್ತದಾ? 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಸುಮಾರು 7000 ವಯಸ್ಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹತ್ತು ತಿಂಗಳಲ್ಲಿ ಮೂರು ಇಂಥ ಕರೆ ಮಾಡಿದರು. ಒಟ್ಟು ಲೆಕ್ಕದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕರೆ ಎತ್ತಿ ಉತ್ತರ ಕೊಟ್ಟವರಲ್ಲಿ ಮಾತ್ರ ದಿನದ ಪಂಪ್ ಬಳಕೆ ಜಾಸ್ತಿ ಇತ್ತು. ಆದರೆ ಔಷಧ ಸರಿಯಾಗಿ ತೆಗೆದುಕೊಳ್ಳುವವರೇ ಫೋನನ್ನೂ ಎತ್ತಿರಬಹುದು, ಅಲ್ವಾ? ಹಾಗಾಗಿ ಮೆಷಿನ್‌ನಿಂದ ಪವಾಡ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಬೆಳಿಗ್ಗೆ ಪಟ್ಟಿ ನೋಡಿ ತಿರುಗಿ ಫೋನ್ ಮಾಡುವ ಒಬ್ಬರು ನಿಮ್ಮಲ್ಲಿ ಇಲ್ಲದಿದ್ದರೆ ಇದನ್ನು ಹಾಕಿಸಲೇಬೇಡಿ.

ಎಸ್ಟೇಟಿನ ಲೆಕ್ಕ ಬರೆಯುವ ಒಬ್ಬರು ರೈಟರ್ ಐದನೇ ಪ್ರಶ್ನೆಗೆ 3 ಒತ್ತಿದ್ದರು. ಚಟ ಆಗುತ್ತದೆ ಅನ್ನುವ ಹೆದರಿಕೆ ಇರಬೇಕು ಅಂದುಕೊಂಡು, ಆಗುವುದಿಲ್ಲ ಅಂತ ಹೇಳಲು ತಯಾರಾಗಿ ಫೋನ್ ಮಾಡಿದೆ. ಅವರ ಕಷ್ಟವೇ ಬೇರೆ. ಪಂಪ್ ಎಳೆದು ಬಾಯಿ ಮುಕ್ಕಳಿಸುತ್ತಿರಲಿಲ್ಲ, ನಾಲಿಗೆ ಮೇಲೆ ಬೆಳ್ಳಗೆ ಕಟ್ಟಿ ಖಾರ ತಿನ್ನಲು ಆಗುತ್ತಿರಲಿಲ್ಲ. "ಪಂದಿ ಕರಿ ತಿನ್ನೋಕಾಗದ ಮೇಲೆ ಔಷಧ ಯಾಕೆ ಸಿಸ್ಟರೇ?" ಡಾಕ್ಟರು ಬಾಯಿಗೆ ಔಷಧ ಕೊಟ್ಟರು. ನಾನು ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಕೊಳವೆ) ಹಚ್ಚಿ ಎಳೆಯುವುದನ್ನೂ, ನೀರು ಮುಕ್ಕಳಿಸಿ ಉಗಿಯುವುದನ್ನೂ ತೋರಿಸಿದೆ. ಮುಂದಿನ ಸುತ್ತಿನಲ್ಲಿ 1 ಒತ್ತಿದರು. ಈಗ "ಬಾಯಿ ಮುಕ್ಕಳಿಸಿ" ಅನ್ನುವ ಮಾತು ಕರೆಯಲ್ಲೇ ಇದೆ.

ಔಷಧ ಹೆಚ್ಚು ಕಡಿಮೆ ಮಾಡಿ ಅನ್ನುವ ಮಾತು ಮಾತ್ರ ರೆಕಾರ್ಡಿಂಗ್‌ನಲ್ಲಿ ಬೇಡ. ಅದು ಡಾಕ್ಟರ ಕೆಲಸ.

ಎಲ್ಲ ಮುಗಿದ ಮೇಲೆ ಮೊದಲ ಕರೆಯನ್ನು ನಿಮಗೇ ಮಾಡಿಸಿಕೊಳ್ಳಿ. ಸ್ಮಾರ್ಟ್‌ಫೋನ್ ಬೇಡ, ಯಾರದ್ದಾದರೂ ಬಟನ್ ಫೋನ್ ತೆಗೆದುಕೊಳ್ಳಿ. ಜೋರು ಮಳೆ ಬರುವಾಗ ಶೀಟಿನ ಅಡಿ ನಿಂತು ಕೇಳಿ. ಐದು ಪ್ರಶ್ನೆಯಲ್ಲಿ ಒಂದು ಕೇಳಿಸದಿದ್ದರೂ ಮತ್ತೆ ಕಂಬಳಿಯೊಳಗೆ ಹೋಗಿ ನಿಧಾನಕ್ಕೆ ಓದಿ.