ತೊಟ್ಟು ಜೋಪಾನ: ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ಬಗೆ

ಶಿವರಾತ್ರಿ ಕಳೆದು ಯುಗಾದಿ ಇನ್ನೂ ಬಾರದ ದಿನಗಳಲ್ಲಿ, ಒಂದು ಶುಕ್ರವಾರ ರಾತ್ರಿ, ನಾನು ಬೆಂಗಳೂರಿನಲ್ಲಿ ತಾಳಗುಪ್ಪದ ರೈಲು ಹತ್ತುತ್ತೇನೆ. ಕೈಯಲ್ಲಿ ಖಾಲಿ ಬಿದಿರಿನ ಬುಟ್ಟಿ, ಅದರೊಳಗೊಂದು ಹಳೆಯ ಪಂಚೆ. ಬೆಳಗಿನ ಜಾವ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದರೆ ಮುಂದಿನದು ಸಂತೆಯ ಕೆಲಸ. ಬುಟ್ಟಿ ನೋಡಿ ಸಹಪ್ರಯಾಣಿಕರು ಮದುವೆಗೋ ಎಂದು ಕೇಳಿದ್ದುಂಟು.

ನಾನು ಹುಟ್ಟಿದ್ದು ಚಿತ್ರದುರ್ಗದ ಕಡೆ. ನಮ್ಮಲ್ಲಿ ಮಾವಿನ ಉಪ್ಪಿನಕಾಯಿ ಎಂದರೆ ಹೋಳು, ಎಣ್ಣೆ, ಮೆಂತ್ಯ. ಕೆಲಸದ ಮೇಲೆ ಮೂರು ವರ್ಷ ಸಾಗರದಲ್ಲಿದ್ದಾಗ ಬಾಡಿಗೆ ಮನೆಯ ಒಡತಿ, ನಾನು ಅಮ್ಮ ಎಂದೇ ಕರೆಯುತ್ತಿದ್ದವರು, ಒಂದು ದಿನ ಬಾಳೆ ಎಲೆಯ ತುದಿಗೆ ಹೆಬ್ಬೆರಳಿನಷ್ಟು ಉದ್ದದ ಇಡೀ ಮಿಡಿ ಬಡಿಸಿದರು. ಕಚ್ಚಿದರೆ ಕಟುಂ ಎಂದಿತು. ಬಾಯಿಗಿಂತ ಮೊದಲು ಮೂಗಿಗೆ ಜೀರಿಗೆಯ ವಾಸನೆ ಬಂತು. ಅದಕ್ಕೆ ಜೀರಿಗೆಯನ್ನೇ ಹಾಕಿರಲಿಲ್ಲ. ಅಂದಿನಿಂದ ಹೋಳಿನ ಉಪ್ಪಿನಕಾಯಿಗೆ ನಾನು ಅರ್ಧ ದ್ರೋಹಿ.

ಸಂತೆಯಲ್ಲಿ

ಉಪ್ಪಿನಕಾಯಿಯ ಅರ್ಧ ಭವಿಷ್ಯ ಅಡುಗೆಮನೆಯಲ್ಲಲ್ಲ, ಮಿಡಿ ಕೊಳ್ಳುವಾಗಲೇ ತೀರ್ಮಾನವಾಗುತ್ತದೆ. ಅಪ್ಪೆಮಿಡಿ ಮಲೆನಾಡಿನಲ್ಲಿ ಹೊಳೆ ಹಳ್ಳಗಳ ದಂಡೆಯಲ್ಲಿ, ಕಾಡಂಚಿನಲ್ಲಿ ತಾನಾಗಿ ಬೆಳೆದ ಮಾವು. ಒಂದೊಂದು ಮರದ್ದು ಒಂದೊಂದು ಪರಿಮಳ, ಹಾಗಾಗಿ ಒಂದೊಂದು ಹೆಸರು: ಅನಂತಭಟ್ಟನ ಅಪ್ಪೆ, ಮಾಳಂಜಿ, ಜೀರಿಗೆ ಮಿಡಿ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದಕ್ಕೆ ಸಿಕ್ಕಿದೆ. ಸಾಗರ, ರಿಪ್ಪನ್‌ಪೇಟೆ, ಶಿರಸಿಗಳಲ್ಲಿ ಈ ಕಾಲಕ್ಕೆ ರಾಶಿ ಹಾಕಿಕೊಂಡು ಕೂತವರು ಸಿಗುತ್ತಾರೆ. ಹಲವರು ತೂಕದಲ್ಲಲ್ಲ, ನೂರರ ಲೆಕ್ಕದಲ್ಲಿ ಮಾರುತ್ತಾರೆ. ಎಣಿಸುವಾಗ ಅವರ ಬಾಯಿಯ ಜತೆ ನಿಮ್ಮ ಕಣ್ಣೂ ಓಡುತ್ತಿರಲಿ.

ಮೊದಲು ತೊಟ್ಟು ನೋಡಿ. ಮಿಡಿಯ ತಲೆಯ ಮೇಲೆ ಕಾಲು ಅಂಗುಲವಾದರೂ ತೊಟ್ಟು ಉಳಿದಿರಬೇಕು. ಅದು ಮುರಿದರೆ ಸೊನೆ ಸೋರಿಹೋಗುತ್ತದೆ, ಸೊನೆ ಹೋದರೆ ಪರಿಮಳವೂ ಹೋಯಿತು. ಗಾಯದಿಂದ ನೀರು ಒಳಹೊಕ್ಕು ಮಿಡಿ ಮೆತ್ತಗಾಗುವುದು ಬೇರೆ. ಮರವನ್ನು ಅಲುಗಿಸಿ ಉದುರಿಸಿದ ಮಿಡಿ ಬೇಡ. ನೆಲಕ್ಕೆ ಬಿದ್ದ ಪೆಟ್ಟು ಆ ಹೊತ್ತಿಗೆ ಕಾಣದಿದ್ದರೂ ಹತ್ತು ದಿನದ ನಂತರ ಭರಣಿಯಲ್ಲಿ ಕಪ್ಪಾಗಿ ಏಳುತ್ತದೆ. ಕೊಂಬೆಯನ್ನೇ ಕಡಿದು ತಂದವರ ಬಳಿ ನಾನು ಕೊಳ್ಳುವುದಿಲ್ಲ. ಮರ ಹತ್ತಿ ಕೈಯಿಂದ ಕಿತ್ತು, ಬುಟ್ಟಿಯಲ್ಲಿ ಹಗ್ಗ ಕಟ್ಟಿ ಇಳಿಸಿದವರು ನಾಲ್ಕು ಕಾಸು ಹೆಚ್ಚು ಕೇಳಿದರೆ ಅದು ನ್ಯಾಯವೇ.

ಇನ್ನು ಎರಡು ಪರೀಕ್ಷೆ. ಮಾರುವವರನ್ನು ಕೇಳಿ ಒಂದು ಮಿಡಿಯ ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ಅದೇ ಮಿಡಿಯ ಮೇಲೆ ಒರೆಸಿ ಮೂಸಿ. ಅಂಗೈಗೆ, ತುಟಿಗೆ ತಾಗಿಸಬೇಡಿ, ಚರ್ಮ ಸುಡುತ್ತದೆ. ಆಮೇಲೆ ಆ ಮಿಡಿಯನ್ನು ಚಾಕುವಿನಿಂದ ನಡುವೆ ಕತ್ತರಿಸಿ. ಒಳಗಿನ ಗೊರಟು ಬೆಣ್ಣೆಯಂತೆ ಕತ್ತರಿಸಿದರೆ ಸರಿ. ಚಾಕು ತಡೆದರೆ ಬಲಿತಿದೆ ಎಂದರ್ಥ. ಅದು ಗೊಜ್ಜಿಗಾದೀತು, ಭರಣಿಗಲ್ಲ.

ನಾನು ಮೊದಲ ವರ್ಷ ಇಷ್ಟೆಲ್ಲ ಸರಿಯಾಗಿ ಆರಿಸಿ, ಕೊನೆಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹಗಲು ಬಸ್ಸಿನಲ್ಲಿ ಹೊರಟೆ. ಬೆಂಗಳೂರು ತಲುಪುವಷ್ಟರಲ್ಲಿ ಚೀಲದೊಳಗೆ ಬೆವರು, ಮಿಡಿಗಳಿಗೆ ಹಳದಿ ಬಣ್ಣ. ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: ‘ತಮ್ಮಾ, ನಿನ್ನನ್ನು ಹಾಗೆ ಕಟ್ಟಿ ಒಯ್ದರೆ ನೀನು ಹೇಗಿರುತ್ತೀಯ?’ ಬುಟ್ಟಿ, ಪಂಚೆ, ರಾತ್ರಿ ರೈಲು, ಈ ಮೂರೂ ಆ ಮಾತಿನಿಂದ ಬಂದವು.

ಉಪ್ಪಿಗೆ ಹಾಕುವುದು

ತಂದ ದಿನವೇ ಕೆಲಸ ಮುಗಿಯಬೇಕು. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಮಿಡಿಗಳನ್ನು ಒಮ್ಮೆ ಮೆಲ್ಲಗೆ ತೊಳೆದು, ಹತ್ತಿ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಹರಡಿ. ತೊಟ್ಟು ಉದ್ದವಿದ್ದರೆ ಕತ್ತರಿಯಿಂದ ಕಾಲು ಅಂಗುಲಕ್ಕೆ ಕತ್ತರಿಸಿ, ಕೈಯಿಂದ ಚಿವುಟಬೇಡಿ. ನೀರಿನ ಪಸೆ ಪೂರ್ತಿ ಆರಬೇಕು.

ಎರಡು ಕಿಲೋ ಮಿಡಿಗೆ ನಾನು ಹಾಕುವುದು 600 ಗ್ರಾಂ ಕಲ್ಲುಪ್ಪು. ಹೆಚ್ಚಾಯಿತು ಎನ್ನಿಸಿದರೂ ಕೈ ಹಿಡಿಯಬೇಡಿ. ಮಿಡಿಯ ನೀರನ್ನು ಎಳೆದು ಅದನ್ನು ಕೆಡದಂತೆ ಕಾಯುವುದು ಉಪ್ಪೇ. ಇಲ್ಲಿ ಜಿಪುಣತನ ಮಾಡಿದವರ ಭರಣಿಯಲ್ಲಿ ಬೂಷ್ಟು ಬರುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು ಸಿಕ್ಕರೆ ನನಗೆ ಹಬ್ಬ, ಸಿಗದಿದ್ದರೆ ಯಾವ ಕಲ್ಲುಪ್ಪಾದರೂ ಸರಿ. ಭರಣಿಯನ್ನು ಬಿಸಿಲಿಗಿಟ್ಟು ಒಣಗಿಸಿ, ತಳಕ್ಕೊಂದು ಹಿಡಿ ಉಪ್ಪು, ಮೇಲೊಂದು ಪದರ ಮಿಡಿ, ಮತ್ತೆ ಉಪ್ಪು, ಹೀಗೆ ತುಂಬಿ. ಎಲ್ಲಕ್ಕೂ ಮೇಲೆ ಉಪ್ಪೇ ಬರಲಿ. ಬಾಯಿಗೆ ಬಟ್ಟೆ ಕಟ್ಟಿ.

ಎರಡು ಮೂರು ದಿನಗಳಲ್ಲಿ ನೀರು ಬಿಡತೊಡಗುತ್ತದೆ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ತಳ ಮೇಲೆ ಮಾಡಿ. ನೀರು ಮಿಡಿ ಮುಳುಗುವಷ್ಟಾದಾಗ ಮೇಲೊಂದು ಪಿಂಗಾಣಿ ತಟ್ಟೆ ಕವುಚಿ ತೊಳೆದ ಕಲ್ಲು ಹೇರಿ. ತೇಲಿದ ಮಿಡಿಯೇ ಮೊದಲು ಕೆಡುವುದು. ಹದಿನೈದರಿಂದ ಇಪ್ಪತ್ತು ದಿನದಲ್ಲಿ ಹಸಿರು ಮಾಸಿ, ಮಿಡಿಗಳೆಲ್ಲ ಮುದುಕರ ಕೆನ್ನೆಯ ಹಾಗೆ ಸುಕ್ಕಾಗುತ್ತವೆ. ಅದೇ ಹದ. ಈ ದಿನಗಳಲ್ಲಿ ಉಪ್ಪಿನಕಾಯಿ ಹಾಕುವವರು ಮಾಡಬೇಕಾದ ಕೆಲಸ ಬಹಳ ಕಡಿಮೆ, ಮಾಡಬಾರದ್ದು ಬಹಳ. ನಡುವೆ ಒಂದು ತಿಂದು ನೋಡೋಣ ಎಂದು ಒದ್ದೆ ಕೈ ಹಾಕಿದವರು ನಮ್ಮ ಮನೆಯಲ್ಲೇ ಇದ್ದಾರೆ.

ಖಾರ

ಮಿಡಿಗಳನ್ನು ಸೋಸಿ ತೆಗೆದು, ಉಪ್ಪುನೀರನ್ನು ಕುದಿಸಿ ಪೂರ್ತಿ ಆರಿಸಿ. ಕುದಿಸಿದರೆ ಸೊನೆಯ ಪರಿಮಳ ಒಂದಿಷ್ಟು ಹಾರುತ್ತದೆ, ಅದಕ್ಕೇ ಅಮ್ಮ ಕುದಿಸುತ್ತಿರಲಿಲ್ಲ. ಅವರ ಕೈ ನನ್ನದಲ್ಲ, ನಾನು ಕುದಿಸುತ್ತೇನೆ.

ಇದೇ ಎರಡು ಕಿಲೋ ಲೆಕ್ಕಕ್ಕೆ 200 ಗ್ರಾಂ ಬ್ಯಾಡಗಿ ಮೆಣಸಿನಕಾಯಿ, 150 ಗ್ರಾಂ ಸಾಸಿವೆ, ಹೆಬ್ಬೆರಳ ಗಾತ್ರದ ಒಣ ಅರಿಸಿನದ ಕೊಂಬು. ಮೆಣಸಿನಕಾಯಿಯ ತೊಟ್ಟು ತೆಗೆದು ಒಂದು ದಿನ ಬಿಸಿಲಲ್ಲಿ ಗರಿಗರಿಯಾಗಿಸಿ, ಹುರಿಯುವುದು ಬೇಡ. ಅರಿಸಿನವನ್ನು ಕುಟ್ಟಿ, ಎಲ್ಲವನ್ನೂ ಪುಡಿ ಮಾಡಿ, ಆರಿದ ಉಪ್ಪುನೀರು ಸೇರಿಸಿ ನುಣ್ಣಗೆ ರುಬ್ಬಿ. ಹೊಸದಾಗಿ ರುಬ್ಬಿದ ಸಾಸಿವೆ ಮೂಗಿಗೆ ಹೊಡೆಯುತ್ತದೆ, ನಾಲಿಗೆಗೆ ಕಹಿಯೆನಿಸುತ್ತದೆ. ಗಾಬರಿ ಬೇಡ, ಭರಣಿಯಲ್ಲಿ ಅದು ತಣ್ಣಗಾಗುತ್ತದೆ. ಖಾರ ದೋಸೆ ಹಿಟ್ಟಿಗಿಂತ ತುಸು ಗಟ್ಟಿಯಿರಲಿ. ಮಿಡಿ ಕಲಸಿ ಭರಣಿಗೆ ತುಂಬಿ, ಖಾರ ಮಿಡಿಯನ್ನು ಮುಚ್ಚಿರಬೇಕು. ಮೇಲೆ ಕಡಲೆ ಗಾತ್ರದ ಇಂಗನ್ನು ನೀರಲ್ಲಲ್ಲ, ಉಪ್ಪುನೀರಲ್ಲೇ ಕರಗಿಸಿ ಸುರಿಯಿರಿ. ಈ ಬಗೆಯ ಉಪ್ಪಿನಕಾಯಿಗೆ ಎಣ್ಣೆ ಇಲ್ಲ, ಒಗ್ಗರಣೆಯೂ ಇಲ್ಲ. ಬಟ್ಟೆ ಕಟ್ಟಿ ಕನಿಷ್ಠ ಒಂದು ತಿಂಗಳು ಮರೆತುಬಿಡಿ. ಎರಡು ತಿಂಗಳಾದರೆ ಇನ್ನೂ ಒಳ್ಳೆಯದು.

ಆರಿಸುವಾಗ ತೊಟ್ಟು ಮುರಿದವು, ಪೆಟ್ಟಾದವು ಪಕ್ಕಕ್ಕೆ ಬಿದ್ದಿರುತ್ತವೆಯಲ್ಲ, ಅವಕ್ಕೆ ಅಂದೇ ಗತಿ ಕಾಣಿಸಿ. ಐದಾರು ಮಿಡಿ ಬೇಯಿಸಿ ಕಿವುಚಿ, ಒಂದು ಲೀಟರ್ ನೀರು, ಉಪ್ಪು, ಚಿಟಿಕೆ ಬೆಲ್ಲ ಸೇರಿಸಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಕೊಟ್ಟರೆ ಅಪ್ಪೆಹುಳಿ. ಲೋಟದಲ್ಲಿ ಕುಡಿಯುವ ಪದಾರ್ಥವಿದು. ಊಟದ ಕೊನೆಗೆ ಎರಡು ಲೋಟ ಕುಡಿದವರು ಮಧ್ಯಾಹ್ನ ಮೂರರ ತನಕ ಏಳುವುದಿಲ್ಲ.

ಆಷಾಢದ ಮಳೆ ಹಿಡಿದ ಒಂದು ಬೆಳಿಗ್ಗೆ, ಬಿಸಿ ಗಂಜಿ ಬಟ್ಟಲಿಗೆ ಬಿದ್ದ ಮೇಲೆ, ನಮ್ಮ ಮನೆಯಲ್ಲಿ ಹೊಸ ಭರಣಿಯ ಬಟ್ಟೆ ಬಿಚ್ಚುತ್ತೇವೆ. ಕಳೆದ ವರ್ಷದ ಭರಣಿಯ ತಳದಲ್ಲಿ ಇನ್ನೂ ಹನ್ನೊಂದು ಮಿಡಿ ಇವೆ. ಎಣಿಸಿಟ್ಟಿದ್ದೇನೆ, ಮನೆಯವರಿಗೆ ಹೇಳಿಲ್ಲ.