ಮೂರನೇ ಪಟ್ಟಿ ಓದದೆ ಶಾಸಕರಿಗೆ ಧನ್ಯವಾದ ಹೇಳಬೇಡಿ

ಊರಿನಲ್ಲಿದ್ದಾಗ ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ದನಿಯೆತ್ತಿದವರು, ಬೇಡ್ತಿ, ಅಘನಾಶಿನಿ ನದಿಗಳು ಉಳಿಯಲಿ ಎಂದು ಸಹಿ ಹಾಕಿದವರು ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೂ ಸುಮ್ಮನೆ ಕೂರುವುದಿಲ್ಲ. ಬಾಡಿಗೆ ಏರಿಕೆಗೆ ಮಿತಿ, ಮನೆ ವಿಮೆ, ಕರೆಂಟ್ ಬಿಲ್ಲು, ಶಾಲೆಯ ಅನುದಾನ ಇವೆಲ್ಲ ಇಲ್ಲಿ ಬಹುಪಾಲು ರಾಜ್ಯದ ಶಾಸನಸಭೆಯ ಕೈಯಲ್ಲಿವೆ. ಆ ಆಸಕ್ತಿ ಬೇಕು. ಆದರೆ ತಮ್ಮ ಶಾಸಕರು ಯಾವ ಬಿಲ್ಲಿಗೆ, ಅಂದರೆ ಮಸೂದೆಗೆ, ಹೇಗೆ ಮತ ಹಾಕಿದರು ಎಂದು ನೋಡಲು ಹೊರಟ ಹೊಸಬರೆಲ್ಲ ಒಂದೇ ಕಡೆ ಎಡವುತ್ತಾರೆ. ಈ ಬರಹದ ಮುಕ್ಕಾಲು ಪಾಲು ಅದೊಂದರ ಬಗ್ಗೆಯೇ.

ಮೊದಲು ಹೆಸರುಗಳು. ನಿಮ್ಮ ವಿಳಾಸಕ್ಕೆ ಸ್ಯಾಕ್ರಮೆಂಟೊದಲ್ಲಿ ಇಬ್ಬರಿದ್ದಾರೆ: 80 ಜನರ ಅಸೆಂಬ್ಲಿಯಲ್ಲಿ ಒಬ್ಬರು, 40 ಜನರ ಸೆನೆಟ್‌ನಲ್ಲಿ ಒಬ್ಬರು. ಟಿವಿಯಲ್ಲಿ ದಿನಾ ಕಾಣುವ ವಾಷಿಂಗ್ಟನ್ನಿನ ಸೆನೆಟರ್ ಬೇರೆ, ಇವರು ಬೇರೆ. ಶಾಸನಸಭೆಯ ‘ಫೈಂಡ್ ಯುವರ್ ರೆಪ್’ ಪುಟದಲ್ಲಿ ಮನೆ ವಿಳಾಸ ಕೊಟ್ಟರೆ ಇಬ್ಬರ ಹೆಸರೂ ಬರುತ್ತದೆ. ಪಿನ್‌ಕೋಡ್ ಒಂದನ್ನೇ ನಂಬಬೇಡಿ, ಒಂದೇ ಪಿನ್‌ಕೋಡ್ ಎರಡು ಕ್ಷೇತ್ರಕ್ಕೆ ಹಂಚಿಹೋಗಿರುವುದುಂಟು.

ಆಮೇಲೆ ಸರ್ಕಾರದ್ದೇ ಆದ ಲೆಗ್‌ಇನ್ಫೋ ತಾಣ. ಬಿಲ್ಲಿನ ನಂಬರ್ ಹಾಕುವ ಮೊದಲು ಅಧಿವೇಶನದ ವರ್ಷ ಸರಿಯಿದೆಯೇ ನೋಡಿ. ಎರಡು ವರ್ಷಕ್ಕೊಮ್ಮೆ ನಂಬರುಗಳು ಮತ್ತೆ ಮೊದಲಿನಿಂದ ಶುರುವಾಗುತ್ತವೆ. ವರ್ಷದ ಬಾಡಿಗೆ ಏರಿಕೆಯನ್ನು ಶೇಕಡಾ 5 ಮತ್ತು ಹಣದುಬ್ಬರ, ಒಟ್ಟು ಶೇಕಡಾ 10 ಮೀರದಂತೆ ಕಟ್ಟಿಹಾಕಿದ ಕಾನೂನು 2019ರ ಎಬಿ (ಅಸೆಂಬ್ಲಿ ಬಿಲ್) 1482. ಅದೇ ನಂಬರನ್ನು ಬೇರೆ ಅಧಿವೇಶನದಲ್ಲಿ ಹುಡುಕಿದರೆ ಸಂಬಂಧವೇ ಇಲ್ಲದ ಬಿಲ್ಲು ತೆರೆದುಕೊಳ್ಳುತ್ತದೆ. ಕೈ ಪಳಗಿಸಿಕೊಳ್ಳಲು 2019–2020 ಆರಿಸಿ ಈ ಬಿಲ್ಲನ್ನೇ ತೆರೆಯಿರಿ, ‘ವೋಟ್ಸ್’ ಒತ್ತಿ.

ಅಲ್ಲಿ ಒಂದೇ ಮತದಾನ ಇರುವುದಿಲ್ಲ, ಒಂದರ ಕೆಳಗೊಂದು ಹಲವು ಇರುತ್ತವೆ. ಪ್ರತಿಯೊಂದರಲ್ಲೂ ದಿನಾಂಕ, ಜಾಗ, ಫಲಿತಾಂಶ, ಎಷ್ಟು ಪರ, ಎಷ್ಟು ವಿರೋಧ ಎಂದಿರುತ್ತದೆ. ‘ಮೋಶನ್’ ಎಂಬ ಸಾಲನ್ನು ತಪ್ಪದೆ ಓದಿ, ಮತ ಬಿದ್ದದ್ದು ಯಾವುದಕ್ಕೆ ಎಂದು ಹೇಳುವುದು ಅದೇ. ಬಿಲ್ಲನ್ನು ಪಾಸು ಮಾಡಿ ಹಣಕಾಸು ಸಮಿತಿಗೆ ಕಳಿಸುವುದಕ್ಕೋ, ಮೂರನೇ ಓದಿಗೋ (ಅಂದರೆ ಪೂರ್ತಿ ಸದನದ ಮತಕ್ಕೋ), ಇನ್ನೊಂದು ಸದನ ಮಾಡಿದ ತಿದ್ದುಪಡಿಗೆ ಒಪ್ಪಿಗೆ ಕೊಡುವುದಕ್ಕೋ, ಬಿದ್ದುಹೋದ ಬಿಲ್ಲನ್ನು ಮರಳಿ ಪರಿಶೀಲಿಸುವುದಕ್ಕೋ ಅಲ್ಲಿ ತಿಳಿಯುತ್ತದೆ. ಕೆಳಗೆ ಹೆಸರುಗಳ ಮೂರು ಪಟ್ಟಿ: ಆಯ್ಸ್ (ಪರ), ನೋಸ್ (ವಿರೋಧ), ಎನ್‌ವಿಆರ್. ಮೂರನೆಯದೆಂದರೆ ಮತ ದಾಖಲಾಗದವರು.

ಎಲ್ಲರೂ ಎಡವುವುದು ಈ ಮೂರನೇ ಪಟ್ಟಿಯಲ್ಲಿ.

ಗೈರಿಗೆ ಇಲ್ಲಿ ಬೇರೆ ಬೆಲೆ

ನಮ್ಮವರು ಮಾಡುವುದೇನೆಂದರೆ, ತಮಗೆ ಬೇಕಾದ ಬಿಲ್ಲು ಸಮಿತಿಯಲ್ಲಿ ಬಿದ್ದುಹೋಯಿತೆಂದು ಗೊತ್ತಾದ ಕೂಡಲೇ ವಿರೋಧದ ಪಟ್ಟಿ ನೋಡುತ್ತಾರೆ. ತಮ್ಮ ಶಾಸಕರ ಹೆಸರು ಅಲ್ಲಿಲ್ಲ. ‘ಪಾಪ, ನಮ್ಮವರು ವಿರೋಧ ಮಾಡಲಿಲ್ಲ’ ಎಂದು ಸಮಾಧಾನ. ಕುಮಟಾ ಕಡೆಯ ಒಂದು ಕುಟುಂಬ ಇನ್ನೂ ಮುಂದೆ ಹೋಗಿ, ಅಪಾರ್ಟ್‌ಮೆಂಟಿನ ಬಾಡಿಗೆದಾರರಿಂದೆಲ್ಲ ಸಹಿ ಹಾಕಿಸಿ ಧನ್ಯವಾದದ ಪತ್ರ ಕಳಿಸಿತ್ತು. ಆ ಶಾಸಕರು ಇದ್ದದ್ದು ಎನ್‌ವಿಆರ್ ಪಟ್ಟಿಯಲ್ಲಿ. ಬಿಲ್ಲು ಬಿದ್ದದ್ದೇ ಆ ಪಟ್ಟಿಯವರಿಂದ.

ಊರಿನ ಲೆಕ್ಕ ತಲೆಯಲ್ಲಿ ಕೂತಿರುವುದರಿಂದ ಹೀಗಾಗುತ್ತದೆ. ಕರ್ನಾಟಕದಲ್ಲಿ ತೀರ್ಮಾನವಾಗುವುದು ಹಾಜರಿದ್ದು ಮತ ಹಾಕಿದವರ ಬಹುಮತದಿಂದ. ಹೊರಗುಳಿದವರು ಲೆಕ್ಕದಿಂದಲೇ ಹೊರಗೆ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ ವಿಶ್ವಾಸಮತ ಕಳೆದುಕೊಂಡದ್ದನ್ನು ನೆನಪಿಸಿಕೊಳ್ಳಿ: ಪರ 99, ವಿರೋಧ 105. ಪೂರ್ತಿ 224ರ ಸದನದಲ್ಲಾದರೆ ಬಹುಮತಕ್ಕೆ 113 ಬೇಕು. ಇಪ್ಪತ್ತರಷ್ಟು ಜನ ಬಾರದೇ ಇದ್ದುದರಿಂದ ಗೆರೆ ಕೆಳಗಿಳಿದು 105 ಸಾಕಾಯಿತು. ಆಮೇಲೆ ಅನರ್ಹಗೊಂಡ 17 ಮಂದಿಯಲ್ಲಿ ನಮ್ಮ ಯಲ್ಲಾಪುರದ ಶಾಸಕರೂ ಒಬ್ಬರು. ಅಂದರೆ ಅಲ್ಲಿ ಗೈರಾದರೆ ಗೆರೆ ಕೆಳಗಿಳಿಯುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಗೆರೆ ಅಲುಗುವುದೇ ಇಲ್ಲ. ಸಾಮಾನ್ಯ ಬಿಲ್ಲಿಗೆ ಅಸೆಂಬ್ಲಿಯಲ್ಲಿ 41, ಸೆನೆಟ್‌ನಲ್ಲಿ 21 ಪರ ಮತ ಬೇಕು. ತೆರಿಗೆ ಏರಿಸುವ ಬಿಲ್ಲಿಗೆ, ತುರ್ತಾಗಿ ಜಾರಿಗೆ ಬರಬೇಕಾದ ಬಿಲ್ಲಿಗೆ ಮೂರರಲ್ಲಿ ಎರಡು ಪಾಲು, ಅಂದರೆ 54 ಮತ್ತು 27. ಆ ದಿನ ಎಷ್ಟು ಜನ ಬಂದಿದ್ದರು ಎಂಬುದು ಲೆಕ್ಕಕ್ಕಿಲ್ಲ. ಅಸೆಂಬ್ಲಿಯಲ್ಲಿ 40 ಪರ, 12 ವಿರೋಧ, 28 ಎನ್‌ವಿಆರ್ ಬಂದರೆ ಬಿಲ್ಲು ಬಿತ್ತು. ಬೀಳಿಸಿದವರು ಹನ್ನೆರಡು ಜನ ಮಾತ್ರವಲ್ಲ, ನಲವತ್ತು ಜನ. ಮತ ಹಾಕದೆ ಕೂತವರ ಮೌನ ‘ಇಲ್ಲ’ ಎಂದಷ್ಟೇ ಕೆಲಸ ಮಾಡುತ್ತದೆ, ಆದರೆ ‘ಇಲ್ಲ’ ಎಂದವರ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ.

ಸಮಿತಿಯಲ್ಲಿ ಇದು ಇನ್ನೂ ಹರಿತ. ಅಲ್ಲಿಯೂ ಬೇಕಾದದ್ದು ಸಮಿತಿಯ ಒಟ್ಟು ಸದಸ್ಯರ ಬಹುಮತ. ಹನ್ನೊಂದು ಜನರ ಸಮಿತಿಗೆ ಆರು ಮತ ಬೇಕು. 5 ಪರ, 2 ವಿರೋಧ, 4 ಎನ್‌ವಿಆರ್ ಎಂದು ಕಂಡರೆ ಪಕ್ಕದಲ್ಲಿ ‘ಫೇಲ್’ ಎಂದೇ ಇರುತ್ತದೆ. ಐದು ಎರಡನ್ನು ಮೀರಿದ್ದರೂ ಬಿಲ್ಲು ಸತ್ತಿತೇಕೆ ಎಂದು ಹೊಸಬರು ತಲೆ ಕೆರೆದುಕೊಳ್ಳುವುದು ಇಲ್ಲಿಯೇ. ಉತ್ತರ ಆ ನಾಲ್ಕು ಹೆಸರುಗಳಲ್ಲಿದೆ.

ಇದು ಅಪರೂಪದ ಸಂಗತಿಯೂ ಅಲ್ಲ. ಕ್ಯಾಲ್‌ಮ್ಯಾಟರ್ಸ್ ಸುದ್ದಿಸಂಸ್ಥೆ 2017ರಿಂದ ಈಚಿನ ಹತ್ತು ಲಕ್ಷಕ್ಕೂ ಹೆಚ್ಚು ಮತಗಳನ್ನು ಜಾಲಾಡಿ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬಹುಮತವಿರುವ ಡೆಮಾಕ್ರಟಿಕ್ ಶಾಸಕರು ‘ಇಲ್ಲ’ ಎಂದದ್ದು ಸರಾಸರಿ ಶೇಕಡಾ 1ಕ್ಕಿಂತಲೂ ಕಡಿಮೆ. ಹಾಗಾಗಿ ವಿರೋಧದ ಪಟ್ಟಿಯನ್ನಷ್ಟೇ ನೋಡುತ್ತ ಕೂತರೆ ವರ್ಷವಿಡೀ ನೋಡಿದರೂ ನಿಮ್ಮ ಶಾಸಕರ ನಿಲುವು ತಿಳಿಯದು.

ಎನ್‌ವಿಆರ್ ಎಂದ ಮಾತ್ರಕ್ಕೆ ಬೇಕೆಂದೇ ತಪ್ಪಿಸಿಕೊಂಡರು ಎಂದೂ ತೀರ್ಮಾನಿಸಬೇಡಿ. ಕಾಯಿಲೆ ಬಿದ್ದವರು, ಹೆರಿಗೆ ರಜೆಯಲ್ಲಿರುವವರು, ರಜೆ ಪಡೆದು ಹೋದವರು ಕೂಡ ಅದೇ ಪಟ್ಟಿಯಲ್ಲಿ ಬರುತ್ತಾರೆ. ಬೇರ್ಪಡಿಸುವುದು ಹೀಗೆ: ಅದೇ ದಿನ, ಅದೇ ಸದನದಲ್ಲಿ ಮತಕ್ಕೆ ಬಂದ ಬೇರೆ ನಾಲ್ಕಾರು ಬಿಲ್ಲುಗಳ ‘ವೋಟ್ಸ್’ ತೆರೆಯಿರಿ. ಎಲ್ಲದರಲ್ಲೂ ಅವರು ಎನ್‌ವಿಆರ್ ಆಗಿದ್ದರೆ ಅಂದು ಬಂದಿರಲಿಲ್ಲ. ಬೇರೆಯವಕ್ಕೆಲ್ಲ ಮತ ಹಾಕಿ ಇದೊಂದಕ್ಕೆ ಮಾತ್ರ ಹಾಕದಿದ್ದರೆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಇನ್ನಷ್ಟು ಖಚಿತವಾಗಬೇಕಾದರೆ ಆ ದಿನದ ಸದನದ ಜರ್ನಲ್ ನೋಡಿ, ಯಾರಿಗೆ ಯಾವ ಕಾರಣಕ್ಕೆ ರಜೆ ಎಂದು ಅದರಲ್ಲಿರುತ್ತದೆ. ಹತ್ತು ನಿಮಿಷದ ಕೆಲಸ. ಅದನ್ನು ಮಾಡದೆ ವಾಟ್ಸಾಪ್ ಗುಂಪಿನಲ್ಲಿ ‘ಇವರು ಓಡಿಹೋದರು’ ಎಂದು ಹಾಕುವುದು ಅನ್ಯಾಯ.

ಇನ್ನೊಂದು ಎಚ್ಚರಿಕೆ. ಮತದಾನ ಮುಗಿದ ಕೂಡಲೇ ಪಟ್ಟಿಯ ಫೋಟೊ ತೆಗೆದು ಹಂಚಬೇಡಿ. ಅಸೆಂಬ್ಲಿಯಲ್ಲಿ ಫಲಿತಾಂಶ ಬದಲಾಗದ ಮಟ್ಟಿಗೆ ಅದೇ ದಿನ ಮತ ಸೇರಿಸಲು, ಬದಲಿಸಲು ಅವಕಾಶವಿದೆ. ಸಮಿತಿಯಲ್ಲೂ ತಡವಾಗಿ ಬಂದವರಿಗಾಗಿ ಮತಪಟ್ಟಿ ತೆರೆದಿಟ್ಟು ಕೊನೆಗೆ ಮುಚ್ಚುವುದುಂಟು. ಸಂಜೆ ಕಂಡ ಎನ್‌ವಿಆರ್ ಮರುದಿನ ಪರ ಮತವಾಗಿರಬಹುದು. ಒಂದೆರಡು ದಿನ ಬಿಟ್ಟು ನೋಡಿದ್ದೇ ಲೆಕ್ಕ. ಗೆಲ್ಲುವುದು ಖಚಿತವಾದ ಮೇಲೆ ಬಂದು ಸೇರಿಕೊಂಡ ಮತಕ್ಕೂ, ನಲವತ್ತೊಂದನೆಯದಾಗಿ ಬಿದ್ದ ಮತಕ್ಕೂ ನಮ್ಮ ಕಣ್ಣಿನಲ್ಲಿ ಒಂದೇ ತೂಕವಲ್ಲ, ಆದರೆ ದಾಖಲೆಯಲ್ಲಿ ಎರಡೂ ಒಂದೇ.

ಸಂಘಸಂಸ್ಥೆಗಳು ಹೊರಡಿಸುವ ಶಾಸಕರ ಅಂಕಪಟ್ಟಿಗೂ ಇದೇ ಮಾತು. ಪರಿಸರ, ಬಾಡಿಗೆದಾರರು, ವ್ಯಾಪಾರ, ಕಾರ್ಮಿಕರು ಹೀಗೆ ಒಂದೊಂದು ಗುಂಪು ಒಂದೊಂದು ಅಂಕಪಟ್ಟಿ ಮಾಡುತ್ತದೆ. ಕೆಲವರು ಎನ್‌ವಿಆರ್ ಅನ್ನು ವಿರೋಧವೆಂದೇ ಎಣಿಸುತ್ತಾರೆ, ಕೆಲವರು ಲೆಕ್ಕದಿಂದ ಬಿಡುತ್ತಾರೆ. ಒಬ್ಬರೇ ಶಾಸಕರಿಗೆ ಒಂದರಲ್ಲಿ 95, ಇನ್ನೊಂದರಲ್ಲಿ 70 ಬರಲು ಇದೊಂದೇ ಕಾರಣ ಸಾಕು. ಎಣಿಕೆಯ ವಿಧಾನ ಯಾವುದೆಂದು ತಿಳಿಯದೆ ಅಂಕ ನಂಬಬೇಡಿ.

ಮತವೇ ಬೀಳದೆ ಸಾಯುವ ಬಿಲ್ಲು

ಖರ್ಚಿನ ಬಿಲ್ಲುಗಳಿಗೆ ‘ಸಸ್ಪೆನ್ಸ್ ಫೈಲ್’ ಎಂಬ ಕಟ್ಟೆಯಿದೆ. ಅಸೆಂಬ್ಲಿಯ ಹಣಕಾಸು ಸಮಿತಿಯಲ್ಲಿ 1,50,000 ಡಾಲರ್, ಸೆನೆಟ್‌ನದರಲ್ಲಿ ಜನರಲ್ ಫಂಡಿನಿಂದ 50,000 ಡಾಲರ್ ಖರ್ಚು ಬೀಳುವ ಬಿಲ್ಲುಗಳೆಲ್ಲ ಅಲ್ಲಿ ಹೋಗಿ ಕೂರುತ್ತವೆ. ಮುಖ್ಯವಾಗಿ ಮೇ ಮತ್ತು ಆಗಸ್ಟ್‌ನಲ್ಲಿ ಒಂದೇ ಕೂಟದಲ್ಲಿ ನೂರಾರು ಬಿಲ್ಲುಗಳ ಹಣೆಬರಹ ಓದುತ್ತಾರೆ. ತಡೆಹಿಡಿದ ಬಿಲ್ಲಿಗೆ ಹೆಸರು ಹೇಳಿ ಹಾಕಿದ ಮತವಿಲ್ಲ, ಕಾರಣವನ್ನೂ ಹೇಳುವುದಿಲ್ಲ. ‘ಹಿಸ್ಟರಿ’ಯಲ್ಲಿ ‘ಹೆಲ್ಡ್ ಅಂಡರ್ ಸಬ್‌ಮಿಶನ್’ ಎಂಬ ಸಾಲು ಕಂಡರೆ ಮತ ಹುಡುಕುತ್ತ ಸಮಯ ಕಳೆಯಬೇಡಿ, ಸಮಿತಿಯ ಅಧ್ಯಕ್ಷರು ಯಾರೆಂದು ನೋಡಿ. ವಿಧಾನಸೌಧದಲ್ಲಿ ‘ಹೌದು ಎನ್ನುವವರೇ ಹೆಚ್ಚು’ ಎಂದು ಧ್ವನಿಮತದಲ್ಲಿ ಮುಗಿಸುವುದನ್ನು ನಾವು ದೂರುತ್ತೇವಲ್ಲ, ಆ ದೂರಿಗೆ ಈ ಪದ್ಧತಿಯೂ ಪೂರ್ತಿ ಅರ್ಹ.

ಬಿಲ್ಲಿನ ಒಡಲು ಬದಲಾಗುವುದೂ ಉಂಟು. ಹಳೆಯ ಪಠ್ಯವನ್ನೆಲ್ಲ ತೆಗೆದು ಅದೇ ನಂಬರಿನಲ್ಲಿ ಬೇರೆಯದೇ ವಿಷಯ ತುಂಬುತ್ತಾರೆ. ಆದ್ದರಿಂದ ಏಪ್ರಿಲ್‌ನಲ್ಲಿ ಬಿದ್ದ ಪರ ಮತ ಸೆಪ್ಟೆಂಬರ್‌ನ ಬಿಲ್ಲಿಗೆ ಪರ ಎಂದಲ್ಲ. ‘ಕಂಪೇರ್ ವರ್ಶನ್ಸ್’ನಲ್ಲಿ ಮತದ ದಿನಾಂಕಕ್ಕೆ ಸರಿಯಾದ ಪ್ರತಿ ಓದಿ. 2016ರಲ್ಲಿ ಜನಮತದಿಂದ ಗೆದ್ದ 54ನೇ ಪ್ರಸ್ತಾವದ ದೆಸೆಯಿಂದ ಕೊನೆಯ ರೂಪ ಮತಕ್ಕೆ 72 ಗಂಟೆ ಮೊದಲು ಪ್ರಕಟವಾಗಿರಲೇಬೇಕು, ಫೋನ್ ಮಾಡಲು ಸಿಗುವ ಸಮಯವೂ ಅದೇ.

ಲೆಗ್‌ಇನ್ಫೋ ಬಿಲ್ಲಿನ ಪ್ರಕಾರ ಮತ ತೋರಿಸುತ್ತದೆ. ಒಬ್ಬ ಶಾಸಕರ ಪ್ರಕಾರ ನೋಡಲು ಕ್ಯಾಲ್‌ಮ್ಯಾಟರ್ಸ್‌ನವರ ಡಿಜಿಟಲ್ ಡೆಮಾಕ್ರಸಿ ಅನುಕೂಲ, ಸಮಿತಿಯಲ್ಲಿ ಯಾರು ಏನು ಮಾತಾಡಿದರು ಎಂಬುದೂ ಅಲ್ಲಿ ಸಿಗುತ್ತದೆ. ಬೇರೆ ರಾಜ್ಯದವರಿಗೆ ಓಪನ್ ಸ್ಟೇಟ್ಸ್, ಲೆಜಿಸ್ಕ್ಯಾನ್ ಇವೆ.

ಬೇರೆ ರಾಜ್ಯದಲ್ಲಿದ್ದರೆ ಮೊದಲು ಗೆರೆ ಎಲ್ಲಿದೆ ಎಂದು ಕೇಳಿಕೊಳ್ಳಿ. ನ್ಯೂಜೆರ್ಸಿಯಲ್ಲೂ 41 ಮತ್ತು 21 ಕದಲುವುದಿಲ್ಲ. ಇಲಿನಾಯ್‌ನಲ್ಲಿ 60 ಮತ್ತು 30, ಜೊತೆಗೆ ‘ಪ್ರೆಸೆಂಟ್’ ಎಂಬ ಮೂರನೇ ಗುಂಡಿ ಬೇರೆ. ಬರಾಕ್ ಒಬಾಮಾ ಅಲ್ಲಿ ರಾಜ್ಯ ಸೆನೆಟರ್ ಆಗಿದ್ದಾಗ ಸುಮಾರು 130 ಸಲ ಆ ಗುಂಡಿ ಒತ್ತಿದ್ದು 2008ರ ಚುನಾವಣೆಯಲ್ಲಿ ದೊಡ್ಡ ಚರ್ಚೆಯಾಯಿತು. ಟೆಕ್ಸಸ್‌ನ ಲೆಕ್ಕ ನಮ್ಮೂರಿನ ಹಾಗೆ, ಹಾಜರಿದ್ದವರದ್ದು. ಆದರೆ 150ರ ಸದನದಲ್ಲಿ 100 ಜನ ಇಲ್ಲದೆ ಕಲಾಪವೇ ನಡೆಯದು, 2021 ಮತ್ತು 2025ರಲ್ಲಿ ವಿರೋಧಪಕ್ಷದವರು ರಾಜ್ಯ ಬಿಟ್ಟು ಹೋದದ್ದು ಅದಕ್ಕೇ. ಅಲ್ಲಿನ ಹೌಸ್ ಜರ್ನಲ್‌ನಲ್ಲಿ ‘ನಾನು ಇಲ್ಲ ಎನ್ನಬೇಕೆಂದಿದ್ದೆ’ ಎಂಬಂಥ ಹೇಳಿಕೆ ಬರೆಸಲು ಅವಕಾಶವಿದೆ. ಹೇಳಿಕೆಯಿಂದ ಮತ ಬದಲಾಗುವುದಿಲ್ಲ.

ಯಾವ ಪದ್ಧತಿ ಮೇಲು? ಮತದ ದಾಖಲೆಯ ಮಟ್ಟಿಗೆ ಇಲ್ಲಿಯದೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಹಳಿಯಾಳದಿಂದ ಭಟ್ಕಳದವರೆಗೆ ನಮ್ಮ ಜಿಲ್ಲೆಗೆ ಆರು ಶಾಸಕರಿದ್ದರೂ ಒಂದು ಮಸೂದೆಗೆ ಒಬ್ಬೊಬ್ಬರೂ ಏನೆಂದರು ಎಂಬ ಪಟ್ಟಿ ಸಿಗುವುದು ಬಲು ಅಪರೂಪ. ಸಿಕ್ಕರೂ 1985ರ ಪಕ್ಷಾಂತರ ನಿಷೇಧ ಕಾಯ್ದೆಯಿಂದಾಗಿ ಅದು ವಿಪ್‌ನ ಮತ, ಶಾಸಕರದ್ದಲ್ಲ. ಇಲ್ಲಿ ಪಕ್ಷದ ಮಾತು ಮೀರಿದರೂ ಸ್ಥಾನ ಹೋಗುವುದಿಲ್ಲ, ಹಾಗಾಗಿ ಮತ ಅವರ ಸ್ವಂತದ್ದು, ಹೊಣೆಯೂ ಸ್ವಂತದ್ದು. ಆ ಹೊಣೆಯಿಂದ ಜಾರಿಕೊಳ್ಳಲು ಎನ್‌ವಿಆರ್ ದಾರಿ ಬಿಟ್ಟಿರುವುದು ಈ ವ್ಯವಸ್ಥೆಯ ದೊಡ್ಡ ದೋಷ.

ಕೇಳುವುದಾದರೆ ಸ್ಯಾಕ್ರಮೆಂಟೊಗಿಂತ ಕ್ಷೇತ್ರದ ಕಚೇರಿಗೆ ಫೋನ್ ಮಾಡಿ. ನಿಮ್ಮ ವಿಳಾಸ, ಬಿಲ್ಲಿನ ನಂಬರ್, ಮತದ ದಿನಾಂಕ, ಯಾವ ಸಮಿತಿ, ಇಷ್ಟನ್ನು ಹೇಳಿ ‘ಮತ ಏಕೆ ದಾಖಲಾಗಲಿಲ್ಲ’ ಎಂದು ಒಂದೇ ಪ್ರಶ್ನೆ ಕೇಳಿ. ಬೇರೆ ಕ್ಷೇತ್ರದ ಶಾಸಕರಿಗೆ ಬರೆದದ್ದಕ್ಕೆ ಹೆಚ್ಚಿನ ಬೆಲೆ ಸಿಗದು. ಮತದ ಮೊದಲೇ ಅಭಿಪ್ರಾಯ ಮುಟ್ಟಿಸಬೇಕಾದರೆ ಶಾಸನಸಭೆಯ ಪೊಸಿಶನ್ ಲೆಟರ್ ಪೋರ್ಟಲ್ ಇದೆ. ಪತ್ರಕ್ಕೆ ಪ್ರತಿ ಸಮಿತಿಯೂ ವಿಚಾರಣೆಗೆ ಹಲವು ದಿನ ಮೊದಲೇ ಗಡುವು ಇಡುತ್ತದೆ, ಗಡುವು ಮೀರಿ ಬಂದ ಪತ್ರ ಬಿಲ್ಲಿನ ವಿಶ್ಲೇಷಣೆಯಲ್ಲಿ ಸೇರುವುದಿಲ್ಲ.

ಇದನ್ನೆಲ್ಲ ಎಚ್-1ಬಿ ಮೇಲಿರುವವರೂ ನಿರ್ಭಯವಾಗಿ ಮಾಡಬಹುದು. ಪತ್ರ ಬರೆಯಲು, ಸಮಿತಿಯ ಮುಂದೆ ಮಾತಾಡಲು ಪೌರತ್ವ ಬೇಕಿಲ್ಲ. ಎರಡು ಕೆಲಸ ಮಾತ್ರ ಮಾಡಬೇಡಿ. ಪೌರತ್ವವೂ ಗ್ರೀನ್ ಕಾರ್ಡೂ ಇಲ್ಲದವರು ಯಾವ ಅಭ್ಯರ್ಥಿಯ ಪ್ರಚಾರಕ್ಕೂ ಒಂದು ಡಾಲರ್ ಕೂಡ ಕೊಡಕೂಡದು, ರಾಜ್ಯದ ಚುನಾವಣೆಗೂ ಸ್ಥಳೀಯ ಚುನಾವಣೆಗೂ ಕೇಂದ್ರದ ಕಾನೂನೇ ಅದನ್ನು ತಡೆಯುತ್ತದೆ. ಶಾಸಕರ ಜೊತೆ ಊಟದ ಕೂಟಕ್ಕೆ ಟಿಕೆಟ್ ಕೊಂಡರೂ ಅದು ದೇಣಿಗೆಯಾಗಬಹುದು. ಇನ್ನು ವಾಹನ ಇಲಾಖೆಯಾದ ಡಿಎಂವಿಯಲ್ಲಿ ಲೈಸೆನ್ಸ್ ಅರ್ಜಿ ತುಂಬುವಾಗ ಮತದಾರರ ನೋಂದಣಿಯ ಪ್ರಶ್ನೆ ಬರುತ್ತದೆ. ಪೌರರಲ್ಲದವರು, ಗ್ರೀನ್ ಕಾರ್ಡ್ ಇದ್ದವರೂ ಸೇರಿ, ಅಲ್ಲಿ ಅವಸರದಲ್ಲಿ ‘ಹೌದು’ ಒತ್ತಿದರೆ ಮುಂದೆ ವೀಸಾಕ್ಕೂ ಪೌರತ್ವಕ್ಕೂ ದೊಡ್ಡ ಕುತ್ತು ಬರಬಹುದು. ಹಾಗೆ ಆಗಿಹೋಗಿದ್ದರೆ ಸುಮ್ಮನಿರಬೇಡಿ, ಯಾವ ಅರ್ಜಿಗೂ ಸಹಿ ಹಾಕುವ ಮೊದಲು ವಲಸೆ ವಕೀಲರನ್ನು ಕಾಣಿ.