ಒಂದು ಪಾತ್ರೆ, ಒಂದು ಬಟ್ಟೆಚೀಲ: ಕಡಿಮೆ ಖರ್ಚಿನಲ್ಲಿ ಕಾಳಿನಿಂದಲೇ ಬಿಯರ್

ಮನೆಯಲ್ಲಿ ಬಿಯರ್ ಮಾಡಲು ಹೊರಡುವವರಲ್ಲಿ ಹಲವರು ಡಬ್ಬದಲ್ಲಿ ಸಿಗುವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳು) ಪಾಕವನ್ನು ನೀರಿಗೆ ಬೆರೆಸಿಯೇ ಆರಂಭಿಸುತ್ತಾರೆ. ಬಾರ್ಲಿ ಮಾಲ್ಟ್‌ನಿಂದಲೇ ಮಾಡಬೇಕೆಂದರೆ ಮೂರು ದೊಡ್ಡ ಪಾತ್ರೆಗಳು, ಪಂಪು, ಕೊಳವೆಗಳು ಬೇಕೆಂಬ ಅಂಜಿಕೆ ಇದಕ್ಕೆ ಕಾರಣ. ಆದರೆ ಪಾಕಕ್ಕಿಂತ ಕಾಳು ಅಗ್ಗ, ಮತ್ತು ಕೆಲಸ ಮುಗಿಸಲು ಒಂದು ದೊಡ್ಡ ಪಾತ್ರೆ ಹಾಗೂ ಒಂದು ಬಟ್ಟೆಚೀಲ ಸಾಕು. ಹಣ ಉಳಿಸಬೇಕಾದದ್ದು ಪಾತ್ರೆ ಪರಿಕರಗಳಲ್ಲಿ. ಉಷ್ಣಮಾಪಕದಲ್ಲಾಗಲಿ ಶುಚಿತ್ವದಲ್ಲಾಗಲಿ ಉಳಿಸಲು ಹೋಗಬಾರದು. ಮನೆಯಲ್ಲಿ ಬಿಯರ್ ತಯಾರಿಸುವುದಕ್ಕೆ ಕೆಲವು ಕಡೆ ಅವಕಾಶವಿದೆ, ಕೆಲವು ಕಡೆ ಇಲ್ಲ. ಆದ್ದರಿಂದ ತಮ್ಮಲ್ಲಿನ ಕಾನೂನನ್ನು ಮೊದಲೇ ತಿಳಿದುಕೊಳ್ಳುವುದು ಅಗತ್ಯ.

ಮೊದಲ ಸಲಕ್ಕೆ 10 ಲೀಟರ್ ಬಿಯರ್ ಸರಿಯಾದ ಪ್ರಮಾಣ. ಇದಕ್ಕೆ 2.3 ಕಿಲೋ ಪೇಲ್ ಮಾಲ್ಟ್ (ತಿಳಿಬಣ್ಣದ ಮಾಲ್ಟ್), 25 ಗ್ರಾಂ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಒಣಗಿಸಿದ ಹೂವು), ಅರ್ಧ ಪೊಟ್ಟಣ ಒಣ ಯೀಸ್ಟ್, 15 ಲೀಟರ್ ನೀರು ಬೇಕು. ಪಾತ್ರೆ 20 ಲೀಟರ್ ಹಿಡಿಯುವಂತಿರಲಿ. ಒಳಗೆ ಹಾಸುವಷ್ಟು ಅಗಲದ, ನೀರು ಸರಾಗವಾಗಿ ಇಳಿಯುವ ಜಾಲರಿ ಬಟ್ಟೆಯ ಚೀಲವನ್ನು ಮನೆಯಲ್ಲೇ ಹೊಲಿದುಕೊಳ್ಳಬಹುದು.

ಮಾಲ್ಟನ್ನು ತರಿತರಿಯಾಗಿ ಒಡೆಯಬೇಕು. ಮಿಕ್ಸಿಯಲ್ಲಿ ಒಂದೊಂದೇ ಹಿಡಿ ಹಾಕಿ ಬಿಟ್ಟುಬಿಟ್ಟು ತಿರುಗಿಸಿದರೂ ಆದೀತು. ಪ್ರತಿ ಕಾಳೂ ಮೂರು ನಾಲ್ಕು ಚೂರಾದರೆ ಸಾಕು. ಹಿಟ್ಟಾದರೆ ಚೀಲದ ರಂಧ್ರಗಳು ಕಟ್ಟಿಕೊಂಡು ರಸ ಇಳಿಯುವುದಿಲ್ಲ.

ಮುಂದಿನದು ಇಡೀ ಕೆಲಸದ ಹೃದಯಭಾಗ. ನೀರನ್ನು 69 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಉರಿ ಆರಿಸಿ, ಚೀಲವನ್ನು ಒಳಗೆ ಹಾಸಿ, ಮಾಲ್ಟನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಗಂಟಾಗದಂತೆ ಕಲಕಬೇಕು. ಆಗ ಉಷ್ಣತೆ 66ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಪಾತ್ರೆಗೆ ಮುಚ್ಚಳ ಹಾಕಿ, ದಪ್ಪ ಕಂಬಳಿ ಸುತ್ತಿ ಒಂದು ಗಂಟೆ ಬಿಡಬೇಕು. ಮಾಲ್ಟ್‌ನಲ್ಲೇ ಇರುವ ಅಮೈಲೇಸ್ ಕಿಣ್ವಗಳು ಈ ಹೊತ್ತಿನಲ್ಲಿ ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುತ್ತವೆ. ಉಷ್ಣತೆ 63ರ ಹತ್ತಿರವಿದ್ದರೆ ಯೀಸ್ಟ್ ಸುಲಭವಾಗಿ ಅರಗಿಸಿಕೊಳ್ಳುವ ಸಕ್ಕರೆ ಹೆಚ್ಚಾಗಿ ಬಿಯರ್ ತೆಳುವಾಗುತ್ತದೆ. 69ರ ಹತ್ತಿರವಿದ್ದರೆ ಯೀಸ್ಟ್ ಮುಟ್ಟದ ಸಕ್ಕರೆ ಉಳಿದು ಬಾಯಿ ತುಂಬುವಂತಾಗುತ್ತದೆ. 78 ದಾಟಿದರೆ ಕಿಣ್ವಗಳೇ ಬಹುಬೇಗ ಸಾಯುತ್ತವೆ. ನನ್ನ ಮೊದಲ ಪ್ರಯತ್ನದಲ್ಲಿ ಉಷ್ಣಮಾಪಕ ಕೊಳ್ಳದೆ ಬೆರಳು ಅದ್ದಿ ಅಂದಾಜು ಮಾಡಿದ್ದೆ. ಒಂದು ಗಂಟೆಯ ನಂತರ ಸೌಟಿನಲ್ಲಿ ಎತ್ತಿದರೆ ಮಬ್ಬಾದ, ಸಪ್ಪೆಯಾದ ಗಂಜಿ. ಸಿಹಿಯ ಸುಳಿವೇ ಇರಲಿಲ್ಲ. ಒಂದು ಹನಿ ಅಯೋಡಿನ್ ಬಿಟ್ಟಾಗ ಅದು ಕಪ್ಪು ನೀಲಿಗೆ ತಿರುಗಿತು. ಪಿಷ್ಟ ಪಿಷ್ಟವಾಗಿಯೇ ಉಳಿದಿತ್ತು. ತಟ್ಟೆಯಲ್ಲಿ ಎರಡು ಚಮಚ ರಸ ತೆಗೆದು ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಬಣ್ಣ ಬದಲಾಗದಿದ್ದರೆ ಕೆಲಸ ಮುಗಿದಂತೆ. ಪರೀಕ್ಷಿಸಿದ ರಸವನ್ನು ಮಾತ್ರ ಚೆಲ್ಲಿಬಿಡಬೇಕು.

ಚೀಲವನ್ನು ಮೇಲೆತ್ತಿ, ರಸ ಇಳಿಯಲು ಬಿಟ್ಟು, ಕೈಗೆ ದಪ್ಪ ಕೈಗವಸು ಹಾಕಿಕೊಂಡು ಚೆನ್ನಾಗಿ ಹಿಂಡಬೇಕು. ಉಳಿದ ಕಾಳನ್ನು ದನಗಳು ಇಷ್ಟಪಟ್ಟು ತಿನ್ನುತ್ತವೆ.

ಈಗ ರಸವನ್ನು ಒಂದು ಗಂಟೆ ಕುದಿಸುವ ಸರದಿ. ಕುದಿ ಹತ್ತುವಾಗ ಹಾಲಿನಂತೆಯೇ ನೊರೆ ಉಕ್ಕಿ ಬರುವುದರಿಂದ ಒಲೆಯ ಪಕ್ಕದಿಂದ ಕದಲಬಾರದು. ಮುಚ್ಚಳ ತೆರೆದೇ ಇರಬೇಕು, ಏಕೆಂದರೆ ಬೇಯಿಸಿದ ಜೋಳದ ವಾಸನೆ ಕೊಡುವ ಗಂಧಕದ ಅಂಶ ಹಬೆಯೊಂದಿಗೆ ಹೊರಹೋಗಬೇಕು. ಕುದಿ ಹತ್ತಿದೊಡನೆ 15 ಗ್ರಾಂ ಹಾಪ್ಸ್ ಹಾಕಿದರೆ ಅದರ ಕಹಿ ರಸಕ್ಕೆ ಇಳಿಯುತ್ತದೆ. ಕೊನೆಯ 5 ನಿಮಿಷವಿರುವಾಗ ಹಾಕುವ 10 ಗ್ರಾಂ ಪರಿಮಳಕ್ಕಾಗಿ.

ಒಲೆ ಆರಿದ ಕ್ಷಣದಿಂದ ರಸಕ್ಕೆ ತಾಗುವ ಪ್ರತಿಯೊಂದೂ ತೊಳೆದು ಸೋಂಕುಮುಕ್ತವಾಗಿರಬೇಕು. ಪಾತ್ರೆಗೆ ಮುಚ್ಚಳ ಹಾಕಿ, ಮಂಜುಗಡ್ಡೆ ಹಾಕಿದ ನೀರಿನ ತೊಟ್ಟಿಯಲ್ಲಿಟ್ಟು 20 ಡಿಗ್ರಿಗೆ ತಣಿಸಿ, ಆಹಾರ ದರ್ಜೆಯ ಪ್ಲಾಸ್ಟಿಕ್ ಬಕೆಟಿಗೆ ಸೋಸಿಕೊಳ್ಳಬೇಕು. ಬಕೆಟನ್ನು ಎಂದೂ ಒರಟು ನಾರಿನಿಂದ ಉಜ್ಜಬಾರದು. ಗೀರುಗಳೇ ಸೂಕ್ಷ್ಮಜೀವಿಗಳ ಮನೆ. ರಸದ ಸಾಂದ್ರತೆಯನ್ನು ಹೈಡ್ರೋಮೀಟರ್‌ನಲ್ಲಿ ನೋಡಿ ಬರೆದಿಟ್ಟುಕೊಳ್ಳಿ, ಅದು 1.048ರ ಹತ್ತಿರ ಇರುತ್ತದೆ. ಬಳಿಕ ಗಾಳಿ ಬೆರೆಯುವಂತೆ ಚೆನ್ನಾಗಿ ಕುಲುಕಿ ಯೀಸ್ಟ್ ಉದುರಿಸಬೇಕು. ಮುಚ್ಚಳದ ರಂಧ್ರಕ್ಕೆ ಸಿಕ್ಕಿಸಿದ ಸಣ್ಣ ಕೊಳವೆಯ ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದರೆ ಅನಿಲ ಹೊರಹೋಗುತ್ತದೆ, ಗಾಳಿ ಒಳಬರುವುದಿಲ್ಲ.

ಸಾಮಾನ್ಯ ಏಲ್ (ತುಸು ಬೆಚ್ಚಗೆ ಹುದುಗಿಸುವ ಬಗೆಯ ಬಿಯರ್) ಯೀಸ್ಟ್‌ಗೆ 18ರಿಂದ 20 ಡಿಗ್ರಿ ಹಿತ. ಅದಕ್ಕಿಂತ ಸೆಕೆ ಇರುವಲ್ಲಿ ಬಕೆಟನ್ನು ನೀರಿನ ಟಬ್ಬಿನಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ಮಂಜುಗಟ್ಟಿಸಿದ ನೀರಿನ ಬಾಟಲಿಗಳನ್ನು ದಿನಕ್ಕೆರಡು ಬಾರಿ ಬದಲಿಸಬೇಕು. ಇಷ್ಟು ಪಾಡು ಬೇಡವೆನಿಸಿದರೆ ನಾರ್ವೆಯ ಹಳ್ಳಿಗಳಿಂದ ಬಂದ ಕ್ವೈಕ್ ಯೀಸ್ಟ್ 30 ಡಿಗ್ರಿ ದಾಟಿದರೂ ಚೆನ್ನಾಗಿಯೇ ಹುದುಗಿಸುತ್ತದೆ. ಎರಡು ವಾರ ಕಾಯಿರಿ. ಮೂರು ದಿನ ಹೈಡ್ರೋಮೀಟರ್ 1.011ರ ಆಸುಪಾಸಿನಲ್ಲಿ ಅಲುಗಾಡದೆ ನಿಂತರೆ ಹುದುಗುವಿಕೆ ಮುಗಿದಿದೆ; ಮದ್ಯಸಾರದ ಪ್ರಮಾಣ ಶೇ 5ಕ್ಕೆ ಸಮೀಪ.

ಬಾಟಲಿಗೆ ತುಂಬುವ ಮುನ್ನ 60 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕುದಿಸಿ ತಣಿಸಿ, ಇನ್ನೊಂದು ಶುಚಿಯಾದ ಬಕೆಟಿಗೆ ಹಾಕಿ, ಅದರ ಮೇಲೆ ಬಿಯರನ್ನು ಗಷ್ಟು ಕದಡದಂತೆ ಕೊಳವೆಯಿಂದ ನಿಧಾನವಾಗಿ ಇಳಿಸಬೇಕು. ಹುದುಗುವಿಕೆ ಮುಗಿಯದೆ ಗಾಜಿನ ಬಾಟಲಿಗೆ ತುಂಬಿದರೆ ಒತ್ತಡಕ್ಕೆ ಅದು ಸಿಡಿದು ಗಾಯಗೊಳಿಸಬಲ್ಲದು. ಹೊಸಬರಿಗೆ ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಗಳೇ ಉತ್ತಮವೆಂದು ನನ್ನ ದೃಢ ಅಭಿಪ್ರಾಯ: ಹಣವೂ ಬೇಕಿಲ್ಲ, ಹಿಚುಕಿ ನೋಡಿದರೆ ಒಳಗೆ ಅನಿಲ ಎಷ್ಟು ತುಂಬಿದೆಯೆಂದು ಕೈಗೇ ತಿಳಿಯುತ್ತದೆ. ಬಿಸಿಲು ತಾಗದ ಜಾಗದಲ್ಲಿ ಎರಡು ವಾರ ಇಟ್ಟು, ಬಾಟಲಿ ಕಲ್ಲಿನಂತೆ ಗಟ್ಟಿಯಾದಾಗ ಫ್ರಿಜ್ಜಿಗೆ ಸೇರಿಸಿ. ಬಕೆಟಿನ ತಳದಲ್ಲಿ ಉಳಿದ ಕೆನೆಬಣ್ಣದ ಯೀಸ್ಟ್ ಗಷ್ಟನ್ನು ಚೆಲ್ಲದೆ, ಶುಚಿಯಾದ ಜಾಡಿಯಲ್ಲಿ ಮುಚ್ಚಳ ಸಡಿಲವಾಗಿಟ್ಟು ಫ್ರಿಜ್ಜಿನಲ್ಲಿರಿಸಿದರೆ, ಎರಡು ವಾರದೊಳಗೆ ಮಾಡುವ ಮುಂದಿನ ಬಿಯರಿಗೆ ಯೀಸ್ಟ್ ಕೊಳ್ಳುವ ಅಗತ್ಯವಿಲ್ಲ.